ಹೂ ಕಟ್ಟುವ ಗಂಟು

ಬಲಗೈ ಹಗ್ಗ ಜಗ್ಗಿತ್ತು, ಲಾಳಿ ಆ ತುದಿಯಿಂದ ಈ ತುದಿಗೆ ಓಡಿ ಬಂದಿತ್ತು, ಇನ್ನೇನು ಹಲಗೆಯನ್ನು ಮೈಕಡೆಗೆ ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಬನಶಂಕರೆವ್ವನಿಗೆ ಮಗ್ಗದ ಸದ್ದಿನೊಳಗೆ ಏನೋ ಒಂದು ಸಣ್ಣ ಕೊರತೆ ಕೇಳಿಸಿತು. ಎಲ್ಲೋ ಒಂದು ಎಳೆ ಹರಿದಿದೆ.

ಕೈ ನಿಲ್ಲಿಸಿ ಮುಂದಕ್ಕೆ ಬಾಗಿದಳು. ತಲೆಯ ಮೇಲೆ ವಾಯರಿಗೆ ಜೋತುಬಿದ್ದ ಗುಂಡು ಬಲ್ಬು ಹಳದಿಯಾಗಿ ಉರಿಯುತ್ತಿತ್ತು. ಆ ಹಳದಿಯಲ್ಲಿ ಮಗ್ಗದುದ್ದಕ್ಕೂ ಬಿಗಿದ ಹಾಸಿನ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಂಜಿ ಬಳಿದ ಹಾಳೆಯ ಹಾಗೆ ಕಾಣುತ್ತಿದ್ದವು. ಮೊದಲಾದರೆ ಹರಿದ ಎಳೆಯ ಮೇಲೆ ಕಣ್ಣೇ ಹೋಗಿ ನಿಲ್ಲುತ್ತಿತ್ತು. ಈಗ ಬೆರಳನ್ನು ಕಳಿಸಬೇಕು. ತೋರುಬೆರಳಿನ ತುದಿಯನ್ನು ಹಾಸಿನ ಮೇಲೆ ಮೆಲ್ಲಗೆ ಆಡಿಸುತ್ತ ಹೋದಳು. ಕೆಂಪು ಅಂಚಿನ ಹತ್ತಿರ ಒಂದು ಕಡೆ ಬೆರಳು ತಗ್ಗಿಗೆ ಬಿದ್ದಂತಾಯಿತು. ಸಿಕ್ಕಿತು.

ಹರಿದ ಎರಡು ತುದಿ ಹಿಡಿದು ಗಂಟು ಹಾಕಿ, ನಾಲಿಗೆಯ ತುದಿಗೆ ತಾಗಿಸಿ ಒದ್ದೆ ಮಾಡಿ, ಬಲಕ್ಕೆ ಹೊಸೆದು, ಉಳಿದ ಬಾಲವನ್ನು ಹಲ್ಲಿನಿಂದ ಕಡಿದಳು. ಇದು ಅವರ ಮನೆತನದ ಗಂಟು. ಗಂಟು ಎಲ್ಲಿದೆ ಅನ್ನುವುದು ಹಾಕಿದವಳಿಗೂ ಆಮೇಲೆ ಸಿಗಬಾರದು ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಬೆಟಗೇರಿಯ ಈ ಓಣಿಗೆ ಸೊಸೆಯಾಗಿ ಬಂದವಳು ಹೊಸ ಸೀರೆಯ ಗಂಜಿ ಬಿಡುವ ಮೊದಲೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟಿದ್ದಳು. ಗಂಡ ತೀರಿಕೊಂಡು, ಮಗ ಸುನಿಲಕುಮಾರ ಗದಗಿನ ಛಾಪಖಾನೆಯಲ್ಲಿ ಕೆಲಸ ಹಿಡಿದ ಮೇಲೂ ಆ ಕಾಲು ಮೇಲೆ ಬಂದಿರಲಿಲ್ಲ.

ಅವಳು ನೇಯುವುದು ಪಟ್ಟೇದಂಚಿನ ಸೀರೆ. ಸಾಸಿವೆ ಬಣ್ಣದ ಒಡಲು, ಸಣ್ಣ ಚೌಕಳಿ, ಅಂಗೈಯಗಲ ಕೆಂಪು ಅಂಚು. ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುವ ಸೀರೆ. ತಪ್ಪಿದರೆ ಬಚ್ಚಿಡಲು ಒಳಮಗ್ಗುಲೇ ಇಲ್ಲ. ಬೇರೆಯವರ ಸೀರೆಯನ್ನು ವ್ಯಾಪಾರಸ್ಥರು ಬೆಳಕಿಗೆ ಹಿಡಿದು, ಮಡಿಕೆ ಬಿಚ್ಚಿ, ಎಳೆ ಬಿಟ್ಟಿದೆಯೇ ಎಂದು ನೋಡಿಯೇ ತಗೊಳ್ಳುವುದು. ಅವಳದನ್ನು ಬಿಚ್ಚುತ್ತಿರಲಿಲ್ಲ. "ಬನಶಂಕರೆವ್ವನ ಸೀರಿ ಬಿಚ್ಚಿ ನೋಡೂದು ಅಂದ್ರ ತಾಯಿ ಕೊಟ್ಟ ರೊಟ್ಟಿ ಮುರದು ಬೆಂದೈತೇನು ಅಂತ ಮೂಸಿ ನೋಡಿದಂಗ" ಎಂದು ಒಬ್ಬ ಹಿರಿಯ ವ್ಯಾಪಾರಿ ಅಂದಿದ್ದ. ಆ ಮಾತನ್ನು ಅವಳು ಯಾರ ಮುಂದೂ ಆಡಿ ತೋರಿಸಿರಲಿಲ್ಲ. ಆದರೆ ಕುಣಿಗೆ ಇಳಿಯುವಾಗ ದಿನಾಲು ಅದು ಅವಳ ಜೊತೆಗೇ ಇಳಿಯುತ್ತಿತ್ತು.

ಕಣ್ಣು ಮಂಜಾದದ್ದನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಚಸ್ಮಾ ಬಂದಿತ್ತು, ಅದು ಅಕ್ಕಿ ಆರಿಸಲು ಸಾಕಾಗುತ್ತಿತ್ತು, ಹಾಸಿನ ಎಳೆಗೆ ಸಾಲುತ್ತಿರಲಿಲ್ಲ. ಹೇಳಿದರೆ ಮುಂದಿನ ಮಾತು ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸಾಕು ಮಾಡವ್ವಾ, ಆರಾಮ ಕುಂಡ್ರು. ಬನಶಂಕರೆವ್ವ ಆರಾಮ ಕುಳಿತರೆ ಈ ಮನೆಯ ಮಗ್ಗವೂ ಕುಳಿತ ಹಾಗೆ. ಸೊಸೆ ರೋಹಿಣಿ ಕೊರ್ಲಹಳ್ಳಿಯವಳು, ತುಂಗಭದ್ರೆಯ ದಂಡೆಯ ಊರಿನವಳು. ಅವಳ ಅಜ್ಜನ ಕಾಲಕ್ಕೇ ಅವರ ಮನೆಯ ಮಗ್ಗ ಅಟ್ಟ ಹತ್ತಿತ್ತು. ಅಪ್ಪ ಹೊಳೆದಂಡೆಯ ಹೊಲದಲ್ಲಿ ಸೇವಂತಿಗೆ, ಮಲ್ಲಿಗೆ ಹಾಕಿಕೊಂಡಿದ್ದ. ಸೊಸೆಯಾಗಿ ಬಂದ ಹೊಸದರಲ್ಲಿ ಬನಶಂಕರೆವ್ವ ಒಂದು ಸಲ, "ಕುಂತು ನೋಡ್ತೀಯೇನ?" ಎಂದು ಕೇಳಿದ್ದಳು. ರೋಹಿಣಿ ಕುಣಿಯೊಳಗೆ ಇಣುಕಿ, "ಬ್ಯಾಡ್ರಿ ಅತ್ತಿ, ನನಗ ಅಂಜಿಕಿ ಬರತೈತಿ" ಅಂದುಬಿಟ್ಟಿದ್ದಳು. ಎರಡನೇ ಸಲ ಕೇಳುವುದು ಬನಶಂಕರೆವ್ವನ ಸ್ವಭಾವವಲ್ಲ.

ಬೆಳಕಿನ ಮಾತು ತೆಗೆದವಳೂ ಅದೇ ರೋಹಿಣಿ. ಊಟಕ್ಕೆ ಕುಳಿತಾಗ ಗಂಡನ ತಾಟಿಗೆ ರೊಟ್ಟಿ ಹಾಕುತ್ತ, "ಮಗ್ಗದ ಖೋಲಿಗೆ ಎಲ್‌ಇಡಿ ಹಾಕಸ್ರಿ" ಅಂದಳು.

"ನನಗ ಏನೂ ಬೇಕಾಗಿಲ್ಲ," ಬನಶಂಕರೆವ್ವ ತಟ್ಟನೆ ಅಂದಳು. "ಆ ಬಲ್ಬಿನ ಕೆಳಗ ನೇದ ಸೀರಿ ಉಟ್ಕೊಂಡು ಎಷ್ಟು ಮಂದಿ ಹೆಣ್ಣಮಕ್ಕಳು ಹಸಿಮಣಿ ಏರ್ಯಾರ ಗೊತ್ತೈತೇನ?"

"ನಿಮಗಲ್ರಿ ಅತ್ತಿ, ನನಗ. ಕಸಾ ಹೊಡಿಯಾಕ ಏನೂ ಕಾಣೂದಿಲ್ಲ. ಅರ್ಧಾ ಹತ್ತಿ ಧೂಳ ಅಲ್ಲೇ ಉಳಿತೈತಿ."

ಸುನಿಲ ನಕ್ಕ. "ಯವ್ವಾ, ನಮ್ಮ ಛಾಪಖಾನಿ ಪಾಯಖಾನಿಗೂ ಇದಕ್ಕಿಂತ ಚಲೋ ಲೈಟ್ ಐತಿ."

"ಹಂಗಾರ ಅಲ್ಲೇ ಕುಂತು ಉಣ್ಣು ಹೋಗು," ಅಂದಳು ತಾಯಿ. ಆದರೆ ಬೇಡ ಎಂದು ಮತ್ತೆ ಅನ್ನಲಿಲ್ಲ. ಕಸ ಹೊಡೆಯುವವಳಿಗೆ ಬೆಳಕು ಬೇಕಾದರೆ ಅದು ಕಸದ ಮಾತು. ಅದರಲ್ಲಿ ತನ್ನ ಕಣ್ಣು ಎಲ್ಲಿ ಬಂತು?

ನಿಜಾಮುದ್ದೀನ ಬಂದದ್ದು ಸೋಮವಾರ ಮುಂಜಾನೆ. ಆ ಭಾಗದ ನೇಕಾರ ಮನೆಗಳ ವಾಯರಿಂಗೆಲ್ಲ ಅವನದೇ ಕೈಕೆಲಸ. ಹೆಗಲ ಮೇಲೆ ಏಣಿ, ಬಾಯಲ್ಲಿ ಮಾತು, ಎರಡನ್ನೂ ಕೆಳಗಿಡುವ ಮನುಷ್ಯನಲ್ಲ.

"ಯವ್ವಾ, ಈ ವಾಯರ ನೋಡಿದ್ರ ನಮ್ಮಜ್ಜ ಹಾಕಿದ್ದಿರಬೇಕು," ಎಂದು ಸುಟ್ಟ ಬಟ್ಟೆಯ ವಾಸನೆಯ ಹಳೆಯ ವಾಯರನ್ನು ಕಿತ್ತು ತೋರಿಸಿದ. "ಇದು ಇನ್ನೂ ಉರೀತಿತ್ತು ಅಂದ್ರ ನಿಮ್ಮ ಪುಣ್ಯ, ನಮ್ಮ ಅಜ್ಜನ ದುವಾ."

"ಮಾತ ಕಡಿಮಿ ಮಾಡು ನಿಜಾಮಾ. ಜಲ್ದಿ ಮುಗಿಸು. ಹಾಸು ಬಿರುಸಾಗತೈತಿ."

ಬಲ್ಬು ಇದ್ದ ಜಾಗದಲ್ಲೇ ಉದ್ದನೆಯ ಒಂದು ಬಿಳಿ ದೀಪ ಕೂರಿಸಿ, ಮೇನು ಹಾಕಿದ. ಖೋಲಿ ಝಗ್ಗೆಂದಿತು. ಬನಶಂಕರೆವ್ವ ಕುಣಿಗೆ ಇಳಿದು ಮಗ್ಗದ ಮೇಲಿನ ಬಟ್ಟೆ ನೋಡಿದವಳೇ ಎದೆ ಮೇಲೆ ಕೈ ಇಟ್ಟುಕೊಂಡಳು.

"ಇದೇನೋ ತಮ್ಮಾ! ಇದು ದವಾಖಾನಿ ಬೆಳಕು. ನನ್ನ ಸಾಸಿವಿ ಎಲ್ಲಿ ಹೋತು? ಹೆಸರಬ್ಯಾಳಿ ಆಗೇತಿ ನೋಡಿಲ್ಲೆ."

"ಬಣ್ಣ ಎಲ್ಲಿ ಹೋಕ್ಕೈತಿ ಯವ್ವಾ, ನೂಲಿನ್ಯಾಗ ಐತಿ."

"ನೂಲಿನ್ಯಾಗ ಇರತೈತೋ, ನೋಡೋರ ಕಣ್ಣಾಗ ಇರತೈತೋ? ಈ ಬೆಳಕಿನ್ಯಾಗ ಲಾಳ್ಯಾಗಿನ ನೂಲಿನ ಕಂಡಿಕಿ ಬದಲಿಸಿದ್ನೆಂದ್ರ ಯಾವ ಸಾಸಿವಿ ಯಾವುದರ ಕೂಡ ಬಂತು ಅನ್ನೂದೇ ತಿಳಿಯೂದಿಲ್ಲ. ನಾಳೆ ಬಿಸಲಾಗ ಹಿಡದ್ರ ಸೀರಿ ಪಟ್ಟಿಪಟ್ಟಿ ಕಾಣತೈತಿ. ತಗಿ ಇದನ್ನ."

ನಿಜಾಮುದ್ದೀನ ತಲೆ ಕೆರೆದುಕೊಂಡ. ಇದಕ್ಕಿಂತ ಮೆತ್ತಗಿನದು, ಹಗಲು ಬೆಳಕಿಗೆ ಹತ್ತಿರದ್ದು, ಮೇಲೆ ಹಾಲಿನಂಥ ಮುಚ್ಚಳ ಇರುವುದು ಒಂದು ಬರುತ್ತದೆ, ಬಣ್ಣ ಬಣ್ಣವಾಗಿಯೇ ಕಾಣುತ್ತದೆ, ಸೀರೆ ಅಂಗಡಿಯವರು ಹಾಕಿಸುವುದು ಅದನ್ನೇ ಅಂದ. "ಮೊದಲ ಯಾಕ ತರಲಿಲ್ಲ?" ಅಂದಿದ್ದಕ್ಕೆ, "ಕಸಾ ಹೊಡಿಯಾಕ ಅಂತ ಹೇಳಿದ್ರಲ್ರಿ" ಅಂದು ಹಲ್ಲು ಬಿಟ್ಟ. ಮತ್ತೆ ಗಾಡಿ ಹೊಡೆದುಕೊಂಡು ಗದಗಿಗೆ ಹೋಗಿ ಅಂಥವು ಎರಡನ್ನು ತಂದ.

ಒಂದನ್ನು ಹಳೆಯ ಜಾಗಕ್ಕೆ ಹಿಡಿದು ಮೊಳೆ ಹೊಡೆಯಬೇಕು, ಆಗ ಬಾಗಿಲಲ್ಲಿ ರೋಹಿಣಿ. ಕೈ ತುಂಬ ಜೋಳದ ಹಿಟ್ಟು, ಹಣೆಯ ಮೇಲೂ ಒಂದಿಷ್ಟು.

"ಅಲ್ಲಿ ಬ್ಯಾಡ್ರಿ ಅಣ್ಣಾರ. ತಲಿ ಮ್ಯಾಲೆ ಹಾಕಿದ್ರ, ಬಗ್ಗಿದಾಗ ತಲಿ ನೆಳ್ಳು ನೆಟ್ಟಗ ಹಣಿಗಿ ಮುಂದ ಬೀಳತೈತಿ. ಎರಡೂ ಬಾಜೂಕ ಒಂದೊಂದು ಹಾಕ್ರಿ. ಎಡಗಡೀದು ಒಂಚೂರು ಮುಂದ ಬರಲಿ. ಅಲ್ಲೇ ಅಂಚು ಬರತೈತಿ, ಕೆಂಪ ಎಳಿ ಒಂದಕ್ಕೊಂದು ಕೂಡಿ ಕತ್ತಲಾಗಿರತಾವು."

ನಿಜಾಮುದ್ದೀನ ಏಣಿಯ ಮೇಲಿಂದ ಬನಶಂಕರೆವ್ವನ ಮುಖ ನೋಡಿದ.

"ಆಕಿ ಹೇಳಿದಂಗ ಹಾಕು," ಅಂದಳು ಬನಶಂಕರೆವ್ವ.

ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಅವಳ ಮನಸ್ಸು ಒಂದು ಗಳಿಗೆ ತಡವರಿಸಿತು. ಎಳೆಗಳನ್ನು ಬಾಚಿ ಹಿಡಿಯುವ ಹಣಿಗೆಯ ಮುಂದೆ ತಲೆಯ ನೆರಳು ಬೀಳುವುದು ನಿಂತವರಿಗೆ ಕಾಣುವುದಿಲ್ಲ. ಕಸಬರಿಗೆ ಹಿಡಿದು ಬಗ್ಗಿದವರಿಗೂ ಕಾಣುವುದಿಲ್ಲ. ಅದು ಕುಣಿಯಲ್ಲಿ ಕಾಲು ಬಿಟ್ಟು ಕುಳಿತವರಿಗೆ ಮಾತ್ರ ಕಾಣುವ ನೆರಳು. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ರೋಹಿಣಿ ರೊಟ್ಟಿ ಹೊತ್ತುತ್ತದೆ ಎಂದು ಒಳಗೆ ಓಡಿದ್ದಳು.

ದೀಪ ಹತ್ತಿತು. ಈ ಸಲ ಝಗ್ಗೆನ್ನಲಿಲ್ಲ. ಬೆಳಗಿನ ಹೊತ್ತು ಅಂಗಳದ ಬಾಗಿಲು ತೆರೆದಾಗ ಬರುವ ಬೆಳಕಿನ ಹಾಗೆ ಎರಡೂ ಮಗ್ಗುಲಿನಿಂದ ಬಂದು ಹಾಸಿನ ಮೇಲೆ ಕುಳಿತಿತು. ಸಾಸಿವೆ ಸಾಸಿವೆಯಾಗಿತ್ತು. ಕೆಂಪಿನೊಳಗೆ ಒಂದೊಂದು ಎಳೆಯೂ ಬೇರೆಬೇರೆ ನಿಂತಿತ್ತು. ಬನಶಂಕರೆವ್ವ ಕೈ ಮುಗಿದಳು, ಹಣಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದು ಮೊಳ ನೇಯ್ದಳು. ಬೆರಳನ್ನು ಎಲ್ಲಿಗೂ ಕಳಿಸಬೇಕಾಗಲಿಲ್ಲ. ಎದೆಯೊಳಗೆ ಎಷ್ಟೋ ದಿನದಿಂದ ಬಿಗಿದಿದ್ದ ಒಂದು ಗಂಟು ತಾನಾಗಿ ಸಡಿಲಾಯಿತು. ನನ್ನ ಕಣ್ಣಿಗೇನೂ ಆಗಿರಲಿಲ್ಲ, ಬೆಳಕಿಗೆ ಬಡತನವಿತ್ತು ಅಷ್ಟೇ.

ಎದುರು ಮನೆಯ ಫಕ್ಕೀರವ್ವ ಹೊಸ್ತಿಲಲ್ಲಿ ನಿಂತು ಕಣ್ಣಗಲಿಸಿದಳು. "ಏನವಾ ಬನಶಂಕರೀ, ಮನಿ ಮದುವಿ ಮಂಟಪ ಆಗೇತಲ್ಲ! ನೀ ಇನ್ನೊಂದ ಮದುವಿ ಆಗೂವಾಕಿ ಏನ?"

"ವರಾ ನೋಡು ನೀನ. ಮಗ್ಗಾ ನೇಯಾಕ ಬರಬೇಕು, ಬಾಯಿ ಇರಬಾರದು."

"ಅಂಥಾವ ಸಿಕ್ಕಿದ್ರ ನಾನ ಆಗತಿದ್ದೆ!" ಎಂದು ಫಕ್ಕೀರವ್ವ ನಗುತ್ತ ಹೋದಳು.

ಮಧ್ಯಾಹ್ನ ರೋಹಿಣಿ ನೀರು ತರಲು ಹೋದಾಗ ಬನಶಂಕರೆವ್ವ ಕುಣಿಯಲ್ಲಿ ಒಬ್ಬಳೇ ಇದ್ದಳು. ಹೊಸ ಕಂಡಿಕೆ ಲಾಳಿಗೆ ಹಾಕುವಾಗ ಕಣ್ಣು ಸುಮ್ಮನೆ ಹಾಸಿನ ಮೇಲೆ ಹರಿಯಿತು. ಹಣಿಗೆಯ ಆಚೆ, ಎಡ ಅಂಚಿನ ಹತ್ತಿರ, ಒಂದು ಗಂಟು ಕಂಡಿತು. ಅವಳು ಚಸ್ಮಾ ಏರಿಸಿಕೊಂಡು ಬಾಗಿದಳು.

ಅದು ಅವಳ ಗಂಟಲ್ಲ. ಹೊಸೆದಿರಲಿಲ್ಲ, ಹಲ್ಲಿನಿಂದ ಕಡಿದಿರಲಿಲ್ಲ. ಎಳೆಯನ್ನು ಎರಡು ಸುತ್ತು ಸುತ್ತಿ, ಕುಣಿಕೆಯೊಳಗಿಂದ ತುದಿಯನ್ನು ಹೊರಳಿಸಿ, ಚಪ್ಪಟೆಯಾಗಿ ಬಿಗಿದಿತ್ತು. ಸ್ವಲ್ಪ ಆಚೆ ಅಂಥದೇ ಇನ್ನೊಂದು. ಬಲಮಗ್ಗುಲಿಗೆ ಮತ್ತೊಂದು. ಬಟ್ಟೆಯ ಕಡೆಗೆ ನೋಡಿದಳು. ನೇಯ್ದಾಗಿದ್ದ ಬಟ್ಟೆಯಲ್ಲಿ, ಎಳೆ ಬಿಟ್ಟು ಗೆರೆ ಬಿದ್ದಿರಬೇಕಾದ ಜಾಗದಲ್ಲಿ, ಯಾರೋ ಸೂಜಿಯಿಂದ ಒಂದು ಮೇಲೆ ಒಂದು ಕೆಳಗೆ ನೂಲು ಪೋಣಿಸಿ ಗೆರೆಯನ್ನು ತುಂಬಿದ್ದರು.

ಈ ಗಂಟನ್ನು ಅವಳು ನೋಡಿದ್ದಳು. ಪ್ರತಿ ಶುಕ್ರವಾರ ನೋಡುತ್ತಿದ್ದಳು. ದೇವರ ಮುಂದೆ ಕುಳಿತು ರೋಹಿಣಿ ಮಲ್ಲಿಗೆ ಕಟ್ಟುವಾಗ ಹೂವಿನ ತೊಟ್ಟಿಗೆ ಹಾಕುವ ಗಂಟು ಇದು. ಎರಡು ಸುತ್ತು, ಒಂದು ಹೊರಳು. ಹೆಣ್ಣು ನೋಡಲು ಕೊರ್ಲಹಳ್ಳಿಗೆ ಹೋದಾಗಲೂ ಹುಡುಗಿ ಸೇವಂತಿಗೆ ಮಾಲೆ ಕಟ್ಟುತ್ತಿದ್ದಳು, ಕೈಯ ಕಡೆ ನೋಡದೆಯೇ. ಮಗ್ಗ ನಡೆಯುವ ಮನೆಯಲ್ಲಿ ಬೆಳೆದವಳಾಗಿದ್ದರೆ ಹಾಸಿನ ಎಳೆಗೆ ಹೂವಿನ ಗಂಟು ಹಾಕುತ್ತಿರಲಿಲ್ಲ. ಯಾರೂ ಹೇಳಿಕೊಡದೆ ಕಲಿತವರು ಮಾತ್ರ ತಮಗೆ ಬರುವ ಗಂಟು ಹಾಕುತ್ತಾರೆ.

ಬನಶಂಕರೆವ್ವನ ಕಿವಿ ಬಿಸಿಯಾಯಿತು. ಕುಣಿಯಿಂದ ಮೇಲೆ ಬಂದು ಕಪಾಟು ತೆಗೆದಳು. ನೇಯ್ದು ಮಡಿಸಿಟ್ಟ ಸೀರೆಗಳು ಅಲ್ಲಿದ್ದವು, ವ್ಯಾಪಾರಸ್ಥರು ಒಯ್ಯಬೇಕಾದವು, ತಾನೇ ಇಟ್ಟುಕೊಂಡವು. ಹಳೆಯದರಿಂದ ಒಂದೊಂದಾಗಿ ಹೊಸ ಬೆಳಕಿನ ಕೆಳಗೆ ಬಿಚ್ಚಿದಳು. ಅವಳ ಸೀರೆಯನ್ನು ಬಿಚ್ಚಿ ನೋಡಿದ ಮೊದಲ ವ್ಯಾಪಾರಿ ಅವಳೇ ಆದಳು.

ಮೊದಲಿನ ಸೀರೆಯಲ್ಲಿ ಸಿಕ್ಕಿತು. ಪೋಣಿಸಿದ ಕಡೆ ಬಟ್ಟೆ ನಿರಿಗೆ ಹಿಡಿದಿತ್ತು, ಸೂಜಿ ಅಂಜುತ್ತ ಅಂಜುತ್ತ ಹೋದದ್ದು ಕಾಣುತ್ತಿತ್ತು. ಹಾಗಾದರೆ ಇಷ್ಟು ದಿನ? ಬಿಚ್ಚದೆ ಒಯ್ದವರು, ಕೈಯಾಡಿಸಿ ಹೊಗಳಿದವರು ಯಾರನ್ನು ಹೊಗಳಿದರು? ತನ್ನ ಕಣ್ಣಿನ ಸಂಗತಿ ಯಾರಿಗೂ ಗೊತ್ತಿಲ್ಲ ಎಂದು ಅವಳು ಕುಣಿಯಲ್ಲಿ ಕುಳಿತು ಬೀಗುತ್ತಿದ್ದಾಗ, ಒಬ್ಬಳಿಗೆ ಎಲ್ಲ ಗೊತ್ತಿತ್ತು. ಒಮ್ಮೆ ಮಧ್ಯಾಹ್ನ ಮಲಗಿ ಎದ್ದು ಬಂದಾಗ ರೋಹಿಣಿ ಮಗ್ಗದ ಹತ್ತಿರ ಮೊಬೈಲಿನ ಬ್ಯಾಟರಿ ಬೆಳಕು ಹಿಡಿದು ಕುಳಿತಿದ್ದಳು. "ಮಗ್ಗದ ಫೋಟೋ ತಗದು ಯಾರಿಗೆ ತೋರಸ್ತೀ? ಏಳ ಮ್ಯಾಲೆ!" ಎಂದು ಬೈದಿದ್ದಳು ಬನಶಂಕರೆವ್ವ. ಹುಡುಗಿ ಎದ್ದು ಕಸಬರಿಗೆ ತಗೊಂಡಿದ್ದಳು.

ಸಿಟ್ಟಿನಲ್ಲೇ ಎರಡನೆಯ ಸೀರೆ ಬಿಚ್ಚಿದಳು. ಇದರಲ್ಲಿ ನಿರಿಗೆ ಕಡಿಮೆ. ಮೂರನೆಯದರಲ್ಲಿ ಪೋಣಿಸಿದ ನೂಲು ಚೌಕಳಿಯ ಗೆರೆಯೊಳಗೇ ಅಡಗಿ ಕುಳಿತಿತ್ತು. ಮುಂದಿನದರಲ್ಲಿ ಅವಳು ಹುಡುಕಬೇಕಾಯಿತು. ಬೆರಳಿನಿಂದ ಅಲ್ಲ, ಕಣ್ಣಿನಿಂದಲೇ, ಇಷ್ಟು ಬೆಳಕಿನಲ್ಲಿ. ಕಡೆಯ ಸೀರೆಯನ್ನು ಎರಡೂ ಮಗ್ಗುಲು ತಿರುವಿದಳು. ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದಳು. ಇದರಲ್ಲಿ ಎಳೆ ಹರಿದದ್ದು ಅವಳಿಗೆ ನೆನಪಿತ್ತು. ಅವತ್ತು ಬೆರಳಿಗೆ ಸಿಗದೆ, ಸಿಕ್ಕಂತೆ ಮಾಡಿ ಮುಂದೆ ನೇಯ್ದದ್ದೂ ನೆನಪಿತ್ತು. ಆದರೆ ಎಲ್ಲಿ?

ಸಿಗಲಿಲ್ಲ.

ಬನಶಂಕರೆವ್ವ ಸೀರೆಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟಳು. ಬಂದ ಸಿಟ್ಟು ದಾರಿಯಲ್ಲಿ ಎಲ್ಲೋ ಉಳಿದಿತ್ತು. ಅದರ ಜಾಗದಲ್ಲಿ ಬಂದದ್ದಕ್ಕೆ ಅವಳು ಹೆಸರಿಡಲು ಹೋಗಲಿಲ್ಲ. ಸುನಿಲ ಮೊದಲ ಸಲ ಗೋಡೆ ಹಿಡಿಯದೆ ನಡೆದಾಗ ಬಂದದ್ದು ಹೀಗೇ ಇತ್ತು. ಅವಳಿಗೆ ಮಗ್ಗ ಕಲಿಸಲು ಅತ್ತೆ ಇದ್ದಳು, ಗಂಡ ಇದ್ದ, ಹಗಲೆಲ್ಲ ಸಮಯವಿತ್ತು. ಈ ಹುಡುಗಿ ಕಸಬರಿಗೆಯ ನೆವದಲ್ಲಿ, ಮೊಬೈಲಿನ ಬೆಳಕಿನಲ್ಲಿ, ಇನ್ನೊಬ್ಬರ ತಪ್ಪಿನ ಮೇಲೆ ಕಲಿತಿದ್ದಳು. ಕಲಿತದ್ದನ್ನು ಅತ್ತೆಯ ಹೆಸರಿಗೇ ಬಿಟ್ಟಿದ್ದಳು.

ಕೊಡ ಇಳಿಸಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಹಾ ಹಿಡಿದು ರೋಹಿಣಿ ಬಂದಳು. ಹರಡಿದ ಸೀರೆಗಳನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

"ಯಾಕ್ರಿ ಅತ್ತಿ, ಎಲ್ಲಾ ಬಿಚ್ಚೀರಿ?"

"ಹೊಸ ಬೆಳಕಿನ್ಯಾಗ ಹೆಂಗ ಕಾಣತಾವು ನೋಡೂಣಂತ."

ರೋಹಿಣಿ ಚಹಾ ಮುಂದೆ ಹಿಡಿದಳು. "ಹೆಂಗ ಕಾಣತಾವ್ರಿ?"

ಬನಶಂಕರೆವ್ವ ಚಹಾ ತಗೊಂಡಳು. ಬಸಿಗೆ ಹಾಕಿ, ಊದಿ, ಒಂದು ಗುಟುಕು ಕುಡಿದಳು. "ಮೊದಲಿನವು ಒಂದೀಟು ಬಿರುಸು ಅದಾವು. ಬರಬರತಾ ಕೈ ಕುಂತೈತಿ. ಈ ಕಡೇದ್ದು ಐತಲ್ಲ, ಇದರಾಗ ನನಗೂ ಏನೂ ಸಿಗಲಿಲ್ಲ."

ರೋಹಿಣಿ ತಲೆ ತಗ್ಗಿಸಿದಳು. ಹಣೆಯ ಮೇಲೆ ಇನ್ನೂ ಹಿಟ್ಟು ಇತ್ತು. ಏನೋ ಅನ್ನಲು ಹೋದಳು, ಅತ್ತೆ ಅದಕ್ಕೆ ಎಡೆ ಕೊಡಲಿಲ್ಲ.

"ಚಹಾಕ್ಕ ಸಕ್ರಿ ಕಡಿಮಿ ಆಗೇತಿ. ಸೀರಿ ಮಡಚು ಬಾ. ಮಡಿಕಿ ಮ್ಯಾಲೆ ಮಡಿಕಿ ಬರಲಿ."

ಇಬ್ಬರೂ ಎದುರುಬದುರು ನಿಂತು ತುದಿ ಹಿಡಿದು ಮಡಚಿದರು. ಹತ್ತಿರ ಬಂದಾಗಲೆಲ್ಲ ಬೆರಳು ಬೆರಳಿಗೆ ತಾಗುತ್ತಿತ್ತು. ಬನಶಂಕರೆವ್ವ ಸೊಸೆಯ ಬೆರಳನ್ನು ಮೊದಲ ಸಲ ನೋಡಿದಂತೆ ನೋಡಿದಳು. ಹೂವಿನ ನಾರು ಗೀರಿದ ಗುರುತು ಒಂದು ಕಡೆ, ಸೂಜಿ ಚುಚ್ಚಿದ್ದು ಇನ್ನೊಂದು ಕಡೆ. ಆ ಗಂಟನ್ನು ಬಿಡಿಸಿ ನಮ್ಮ ಮನೆತನದ ಗಂಟು ಹೇಳಿಕೊಡಲೇ ಎಂದು ಒಂದು ಗಳಿಗೆ ಅನಿಸಿತು. ಬೇಡ. ಅದು ಜಾರುವುದಿಲ್ಲ, ಹಣಿಗೆಗೆ ಸಿಗುವುದೂ ಇಲ್ಲ. ಇನ್ನು ಈ ಮನೆಗೆ ಎರಡು ಗಂಟು.

ಸಂಜೆ ಫಕ್ಕೀರವ್ವ ಮತ್ತೆ ಬಂದಳು, ಈ ಸಲ ತನ್ನ ತಂಗಿಯನ್ನು ಕರೆದುಕೊಂಡು, ಬೆಳಕು ತೋರಿಸಲು. ತಂಗಿ ಬೆರಗಾಗಿ, ಬಾಯಿ ಮೇಲೆ ಬೆರಳಿಟ್ಟುಕೊಂಡಳು. ಫಕ್ಕೀರವ್ವ ಮಾತ್ರ ಎಲೆಗೆ ಸುಣ್ಣ ಸವರುತ್ತ, "ಬೆಳಕೇನೋ ಭಾಳ ಚಂದ ಐತವಾ. ಖರೆ ಹೇಳಬೇಕಂದ್ರ ಇಷ್ಟು ಖರ್ಚ ಮಾಡಬಾರದಿತ್ತು. ನಿನ್ನ ಕೂಡನ ಮಗ್ಗ ಮುಗೀತು. ಸೊಸಿ ಅಂತೂ ಹೂ ಕಟ್ಟಾಕಿ" ಅಂದಳು.

ಈ ಮಾತನ್ನು ಬನಶಂಕರೆವ್ವ ತಾನೇ ಎಷ್ಟೋ ಸಲ ಆಡಿದ್ದಳು. ಇವತ್ತು ಅದು ಬೇರೆ ಯಾರದೋ ಮನೆಯ ಮಾತಿನಂತೆ ಕೇಳಿಸಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದೂ ಕೇಳಿಸಿತು.

"ಹೌದು," ಅಂದಳು ಬನಶಂಕರೆವ್ವ. "ಹೂ ಕಟ್ಟಾಕಿ. ಅಂಥಾ ಕೈ ಬೆಟಗೇರಿಯೊಳಗ ಇನ್ನೊಂದು ತೋರಸು, ನೋಡೂಣು."

ಫಕ್ಕೀರವ್ವನಿಗೆ ಇದರಲ್ಲಿ ಬಡಿವಾರ ಎಲ್ಲಿಂದ ಬಂತು ತಿಳಿಯಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡು, ತಂಗಿಯನ್ನು ಕರೆದುಕೊಂಡು ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಮತ್ತೆ ಸದ್ದು ಮಾಡಿತು.

ಬನಶಂಕರೆವ್ವ ದೀಪ ಆರಿಸಲು ಎದ್ದವಳು ಆರಿಸಲಿಲ್ಲ. ಬಲಗಡೆಯ ದೀಪದ ಬೆಳಕು ಖೋಲಿಯ ಆ ಮೂಲೆಗೂ ಮುಟ್ಟುತ್ತಿತ್ತು. ಹಳೆಯ ಬಲ್ಬು ಅಲ್ಲಿಗೆ ಎಂದೂ ಮುಟ್ಟಿರಲಿಲ್ಲ. ಅಲ್ಲಿ ಜೋಳದ ಚೀಲಗಳಿದ್ದವು, ಮುರಿದ ರಾಟಿ ಇತ್ತು. ಅವುಗಳ ಕೆಳಗೆ ನೆಲದ ಉಳಿದ ಕಲ್ಲುಗಳಿಗಿಂತ ಉದ್ದನೆಯ ಒಂದು ಹಾಸುಗಲ್ಲು. ಅದು ಗಂಡನ ಮಗ್ಗದ ಕುಣಿ. ಅವನು ತೀರಿಕೊಂಡ ವರ್ಷ ಗಾರೆಯ ಗೌಂಡಿಯನ್ನು ಕರೆಸಿ ಅವಳೇ ಮುಚ್ಚಿಸಿದ್ದಳು. ತೆರೆದಿಟ್ಟ ಕುಣಿಯನ್ನು ದಿನಾ ನೋಡುವುದು ಆಗುತ್ತಿರಲಿಲ್ಲ. ಆ ಮಗ್ಗದ ಕಂಬಗಳು ಇನ್ನೂ ಅಟ್ಟದ ಮೇಲಿದ್ದವು, ಸಾಗವಾನಿಯವು, ಹುಳ ಹಿಡಿದಿರಲಿಲ್ಲ.

ಅವಳು ಒಂದು ಚೀಲವನ್ನು ಎಳೆದು ಬದಿಗಿಟ್ಟಳು. ಕಲ್ಲಿನ ಅಂಚು ಕಂಡಿತು. ಸಂದಿನಲ್ಲಿ ಸುಣ್ಣ ಮಾತ್ರ ಇತ್ತು, ಸಿಮೆಂಟು ಹಾಕಿಸಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಂದಿಷ್ಟು ಸುಣ್ಣ ಪುಡಿಯಾಗಿ ಉದುರಿತು.

ಈಗ ಮಗ್ಗದ ಮೇಲಿರುವ ಹಾಸು ಮುಗಿಯಲಿ. ಮುಗಿದ ಮರುದಿನ ಈ ಕಲ್ಲು ಏಳಬೇಕು. ಅವಳೇ ಮುಂದೆ ನಿಂತು ಎಬ್ಬಿಸಬೇಕು, ಗೌಂಡಿ ಬರುವವರೆಗೆ ಮಗನಿಗೂ ತಿಳಿಯಬಾರದು. ಆ ಹುಡುಗಿಯನ್ನು ಕುಂತು ನೋಡ್ತೀಯಾ ಎಂದು ಕೇಳುವುದೂ ಇಲ್ಲ. ಕೇಳಿದರೆ ಅಂಜಿಕೆ ಅನ್ನಲು ಎಡೆ ಸಿಗುತ್ತದೆ. ಕುಣಿ ತೋಡಿ, ಕಂಬ ನಿಲ್ಲಿಸಿ, ಹಾಸು ಏರಿಸಿ, ಲಾಳಿಯನ್ನು ಕೈಗೆ ಕೊಡುವುದಷ್ಟೇ.

"ಅತ್ತೀ, ಏನ ಎಳದಂಗಾತು?" ರೋಹಿಣಿ ಒಳಗಿನಿಂದ ಕೂಗಿದಳು.

"ಏನಿಲ್ಲ. ಇಲಿ ಇರಬೇಕು," ಅಂದಳು ಬನಶಂಕರೆವ್ವ, ಮತ್ತು ಚೀಲವನ್ನು ಮೊದಲಿನ ಜಾಗಕ್ಕೇ ಎಳೆದಿಟ್ಟಳು.